ಫಕಾರದ ಫಜೀತಿ

ಈ ಬೇಸಿಗೆ ಮುಗಿಯುವುದರೊಳಗೆ ನಮ್ಮ ಮನೆಯಲ್ಲಿ ಲಂಡನ್ನಿನ ಇಂಗ್ಲಿಷನ್ನು ಮೊಳಗಿಸದಿದ್ದರೆ ನನ್ನ ಹೆಸರು ಜಪಾರ್ ಅಲ್ಲ!

ಜುಲೈ ತಿಂಗಳ ಒಂದು ಬೆಳಿಗ್ಗೆ, ಚಹಾದ ಬಟ್ಟಲನ್ನು ಆಕಾಶಕ್ಕೆತ್ತಿ ನಾನು ಮಾಡಿದ ಘನಘೋರ ಪ್ರತಿಜ್ಞೆ ಇದು. ಅದರಲ್ಲಿದ್ದದ್ದು ಒಂದೇ ಐಬು. ನನ್ನ ಹೆಸರು ನಿಜಕ್ಕೂ ಜಪಾರ್ ಅಲ್ಲ! ಅದು ಹುಟ್ಟಿದ್ದು ಜಾಫರ್ ಎಂದು. ಅರಬ್ಬರ ನಾಡಿನಿಂದ ಒಂಟೆ ಹತ್ತಿ, ಕುದುರೆ ಹತ್ತಿ, ನಮ್ಮ ಬೆಟ್ಟಗಳನ್ನೇರಿ ಬರುವಷ್ಟರಲ್ಲಿ ಅದರ ಫಕಾರ ಸವೆದು ಪಕಾರವಾಗಿತ್ತು. ನಮ್ಮ ಕಿರ್ಗಿಜ್ ಹಿರಿಯರ ಬಾಯಲ್ಲಿ ಫಕಾರ ನಿಲ್ಲುವುದೇ ಇಲ್ಲ. ನಮ್ಮ ಅಮ್ಮನನ್ನೇ ನೋಡಿ. ಫಾತಿಮಾ ಆಗಬೇಕಿದ್ದವಳು ಬಾತ್ಮಾ ಆಗಿ ಎಂಬತ್ತೊಂದು ವರ್ಷ ಸುಖವಾಗಿ ಬಾಳಿದ್ದಾಳೆ. ಅವಳಿಗೆ ಫೋನೆಂದರೆ ಪೋನು, ಕಾಫಿಯೆಂದರೆ ಕೋಪೆ. ಅದರಿಂದ ಅವಳಿಗಾಗಲಿ ಕಾಫಿಗಾಗಲಿ ಈವರೆಗೆ ಏನೂ ನಷ್ಟವಾಗಿಲ್ಲ.

ಪ್ರತಿಜ್ಞೆಗೆ ಬಲವಾದ ಕಾರಣವಿತ್ತು. ಕೊಚ್ಕೋರಿನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ಕೋಣೆಗಳಿವೆ. ಬೆಟ್ಟದ ಮೇಲಿನ ಸರೋವರಕ್ಕೆ ಕುದುರೆ ಸವಾರಿ ಹೋಗುವ ಪರದೇಶದವರು ಒಂದೆರಡು ದಿನ ಅಲ್ಲಿ ತಂಗುತ್ತಾರೆ. ಆ ಕೋಣೆಗಳು ನನ್ನ ಹೆಂಡತಿ ಬುರುಲ್‌ಳ ಪ್ರಾಣ. ಗೋಡೆಗೆ ಸುಣ್ಣ ಬಳಿದವಳು ಅವಳು, ಹಾಸಿಗೆ ಹೊಲಿದವಳು ಅವಳು, ನೆಲದ ಮೇಲಿನ ಉಣ್ಣೆಯ ಜಮಖಾನೆಗಳನ್ನು ಹನ್ನೊಂದು ಚಳಿಗಾಲ ಕೂತು ಮಾಡಿದವಳೂ ಅವಳೇ. ನಾನು ಬಾಗಿಲಿಗೆ ನಂಬರು ಬರೆದಿದ್ದೇನೆ.

ಆ ವರ್ಷ ಕ್ವಾಲಾಲಂಪುರದ ಒಂದು ಪ್ರವಾಸ ಮಂಡಳಿಯಿಂದ ಕಾಗದ ಬಂದಿತ್ತು. ಮಲೇಷ್ಯಾದ ಮುಸ್ಲಿಂ ಪ್ರವಾಸಿಗರನ್ನು ಇನ್ನು ಮುಂದೆ ಪ್ರತಿ ಬೇಸಿಗೆಯಲ್ಲೂ ತಂಡತಂಡವಾಗಿ ಕಳಿಸುತ್ತೇವೆ. ಅವರಿಗೊಂದು ಶುಚಿಯಾದ, ಹಲಾಲ್ ಊಟದ ಮನೆ ಬೇಕು. ಆಗಸ್ಟಿನಲ್ಲಿ ಹಿರಿಯ ದಂಪತಿಗಳಿಬ್ಬರು ಬಂದು ಎರಡು ಮನೆ ನೋಡಿ, ಒಂದನ್ನು ಆರಿಸುತ್ತಾರೆ ಎಂದು. ಎರಡು ಮನೆಗಳಲ್ಲಿ ಒಂದು ನಮ್ಮದು. ಇನ್ನೊಂದು ರಸ್ತೆಯಾಚೆಯ ಝೂಮಗುಲ್‌ಳದು.

"ಆ ಝೂಮಗುಲ್‌ಗೆ ಹೋಯ್ತು ಅಂತಿಟ್ಕೊಳ್ಳಿ, ಮುಂದಿನ ವರ್ಷದಿಂದ ನಾಲ್ಕೂ ಕೋಣೇಲಿ ಈರುಳ್ಳಿ ಒಣಗಿಸ್ತೀನಿ" ಎಂದಳು ಬುರುಲ್. ತಮಾಷೆಯ ದನಿಯಲ್ಲೇ ಹೇಳಿದಳು. ಆದರೆ ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

"ನಾನಿರೋವಾಗ ನಿಂಗ್ಯಾಕೇ ಭಯ?"

"ನೀವಿದೀರಲ್ಲ, ಅದೇ ಭಯ."

ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದ ಮೇಷ್ಟ್ರಿಗೆ ಇಂಥ ಮಾತು! ಪ್ರಪಂಚದ ಎಲ್ಲ ನದೀಮುಖಗಳೂ ನನಗೆ ಬಾಯಿಪಾಠ. ಇನ್ನು ಮನುಷ್ಯನ ಮುಖವೊಂದು ನನಗೆ ಅರ್ಥವಾಗದೇ ಹೋದೀತೇ? ಊರಿನ ಗ್ರಂಥಾಲಯದವರು ಹಳೆಯ ಪುಸ್ತಕಗಳನ್ನು ಹೊರಗಿಟ್ಟಿದ್ದಾಗ ನಾನು ಎತ್ತಿಕೊಂಡು ಬಂದಿದ್ದ ಇಂಗ್ಲಿಷ್ ಉಚ್ಚಾರಣೆಯ ಪುಸ್ತಕವೊಂದು ಕಪಾಟಿನಲ್ಲಿತ್ತು. ಧೂಳು ಕೊಡವಿ ತೆರೆದೆ. ಪುಟಪುಟದಲ್ಲೂ ಮೂಗಿನ ನೇರಕ್ಕೆ ಎರಡು ಹೋಳಾಗಿ ಸೀಳಿದ ತಲೆಯ ಚಿತ್ರ. ಒಳಗೆ ಹಲ್ಲು, ಅಂಗುಳ, ನಾಲಿಗೆ. ಯಾವ ಅಕ್ಷರಕ್ಕೆ ನಾಲಿಗೆ ಎಲ್ಲಿರಬೇಕು, ಗಾಳಿ ಹೇಗೆ ಹೊರಡಬೇಕು ಎಂದು ಬಾಣದ ಗುರುತು.

ಅಮ್ಮ ನನ್ನ ಹೆಗಲ ಮೇಲಿಂದ ಇಣುಕಿದಳು. "ಇದೇನು ಮಗಾ, ಕಸಾಯಿ ಕೆಲಸ ಕಲೀತಿದೀಯಾ?"

"ಇಲ್ಲ ಅಪಾ, ಇದು ಇಂಗ್ಲಿಷ್ ಮಾತಾಡೋದು ಹೆಂಗೆ ಅಂತ" ಎಂದೆ. ನಮ್ಮಲ್ಲಿ ಅಮ್ಮನಿಗೆ ಅಪಾ ಎನ್ನುತ್ತಾರೆ.

"ಯಾವನೋ ಕೈಲಾಗದೋನು ಕೊಯ್ದಿದಾನೆ. ತಲೇನ ಹಿಂಗಾ ಸೀಳೋದು? ನಾಲಿಗೆ ಅರ್ಧ ಆಗೋಯ್ತಲ್ಲೋ! ಇದನ್ನ ಅತಿಥಿ ಮುಂದೆ ಹೆಂಗೆ ಇಡ್ತಾನೆ ಅವನು?"

ಕುರಿಯ ತಲೆಯನ್ನು ಗೌರವದ ಅತಿಥಿಯ ಮುಂದಿಡುವ ಮನೆತನದವಳಿಗೆ ಧ್ವನಿಶಾಸ್ತ್ರ ಕಂಡದ್ದು ಹೀಗೆ. ನಾನು ಅವಳನ್ನು ಮೂಲೆಯಲ್ಲಿ ಉಣ್ಣೆ ಹುರಿ ಮಾಡಲು ಕೂರಿಸಿ, ಬುರುಲ್‌ಳನ್ನು ಪಾಠಕ್ಕೆ ಕರೆದೆ.

ಅವಳು ಹಿಟ್ಟು ಲಟ್ಟಿಸುತ್ತಿದ್ದಳು. ನಾನು ಎದುರಿಗೊಂದು ಮೇಣದ ಬತ್ತಿ ಹಚ್ಚಿಟ್ಟೆ.

"ನೋಡು, ಇದೇ ಗುಟ್ಟು. ಎರಡೂ ತುಟಿ ಸೇರಿಸಿ ಪಟ್ ಅಂತ ಬಿಟ್ರೆ ಪ. ಬತ್ತಿ ಆರಿಹೋಗುತ್ತೆ. ಮೇಲಿನ ಹಲ್ಲನ್ನ ಕೆಳತುಟಿ ಮೇಲಿಟ್ಟು ಮೆಲ್ಲಗೆ ಗಾಳಿ ಬಿಟ್ರೆ ಫ. ಬತ್ತಿ ಆರಲ್ಲ, ಬಾಗುತ್ತೆ ಅಷ್ಟೆ. ಎಲ್ಲಿ, ಹೇಳು. ಫೋರ್ಕ್."

ಊಟದ ಮುಳ್ಳುಚಮಚಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ನಮ್ಮ ಬೇಶ್‌ಬರ್ಮಾಕ್ ಅಂದರೆ ಹೆಸರೇ ಹೇಳುವಂತೆ ಐದು ಬೆರಳಿನ ಊಟ. ಕುರಿಮಾಂಸವನ್ನೂ ಬೇಯಿಸಿದ ಹಿಟ್ಟಿನ ಎಳೆಗಳನ್ನೂ ಕೈಯಲ್ಲೇ ತಿನ್ನಬೇಕು. ಆದ್ದರಿಂದ ಪರದೇಶದವರಿಗೆಲ್ಲ ಬುರುಲ್ ತಪ್ಪದೆ ಕೇಳುವ ಪ್ರಶ್ನೆ ಅದೊಂದೇ.

"ಪೋರ್ಕ್" ಎಂದಳು. ಬತ್ತಿ ಆರಿತು.

"ಫೋರ್ಕ್!"

"ಅದನ್ನೇ ಅಲ್ವಾ ನಾನು ಅಂದಿದ್ದು? ಪೋರ್ಕ್."

"ಪೋರ್ಕ್ ಅಂದ್ರೆ ಏನು ಗೊತ್ತೇನೇ ನಿಂಗೆ? ಹಂದಿ ಮಾಂಸ!"

ಮೂಲೆಯಿಂದ ಅಮ್ಮ "ತೋಬಾ, ತೋಬಾ" ಎಂದು ಕೆನ್ನೆ ಹಿಡಿದುಕೊಂಡಳು. ಬುರುಲ್‌ಳ ಲಟ್ಟಣಿಗೆ ಗಾಳಿಯಲ್ಲೇ ನಿಂತಿತು.

"ಅಯ್ಯೋ ದೇವರೇ! ಹೋದ ವರ್ಷ ಬಂದಿದ್ದ ಆ ಜರ್ಮನ್ನರಿಗೆಲ್ಲ ಅದನ್ನೇ ಕೇಳಿದ್ನಲ್ರೀ! ಅದಕ್ಕೇ ಅವರು ಅಷ್ಟು ಖುಷಿಯಿಂದ 'ಯೆಸ್ ಯೆಸ್' ಅಂದು, ಊಟ ಮುಗಿದ್ರೂ ಏಳದೇ ಅಡುಗೆಮನೆ ಕಡೆ ನೋಡ್ತಾ ಕೂತಿದ್ದು!"

"ಈಗ ಬರೋರು ಜರ್ಮನ್ನರಲ್ಲ. ಈ ಒಂದು ಅಕ್ಷರ ತಪ್ಪಿದ್ರೆ ನಿನ್ನ ನಾಲ್ಕು ಕೋಣೆಗೂ ಈರುಳ್ಳಿಯೇ ಗತಿ!"

ಅಂದಿನಿಂದ ಶುರುವಾಯಿತು ಸಾಧನೆ. ಬುರುಲ್ ತುಟಿ ಕಚ್ಚಿ "ಫ್ಫ್ಫ್" ಎಂದರೆ ಹಲಗೆಯ ಮೇಲಿನ ಹಿಟ್ಟೆಲ್ಲ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಕನ್ನಡಿ ಹಿಡಿದರೆ ಕನ್ನಡಿ ಒದ್ದೆಯಾಗುತ್ತಿತ್ತು. "ಇಷ್ಟು ಕಚ್ಕೊಂಡ್ರೆ ಮಲೇಷ್ಯಾದವರು ಬರೋ ಹೊತ್ತಿಗೆ ನಂಗೆ ತುಟಿ ಉಳಿಯಲ್ಲ. ಮೊಲದ ಹಾಗೆ ನಿಂತಿರ್ತೀನಿ" ಎಂದು ಗೊಣಗುತ್ತಲೇ ಹತ್ತರಲ್ಲಿ ನಾಲ್ಕು ಸಲ ಸರಿಯಾಗಿ ಹೇಳುವಷ್ಟಾದಳು. ಫೋರ್ಕ್, ಫ್ರೆಶ್, ಫ್ಯಾಮಿಲಿ ಎಂದು ನಾನು ಬರೆದುಕೊಟ್ಟ ಪಟ್ಟಿಯನ್ನು ಒಲೆಯ ಪಕ್ಕ ಅಂಟಿಸಿದಳು.

ಆದರೆ ಹತ್ತರಲ್ಲಿ ನಾಲ್ಕು ಸಾಕೇ? ಅಪಾಯ! ನಾನು ಆಜ್ಞೆ ಹೊರಡಿಸಿದೆ: "ಅವರು ಬಂದ ದಿನ ನೀನು ಬರೀ ನಗು. ಮಾತೆಲ್ಲ ನನ್ನದು."

ಮಾತೆಲ್ಲ ನನ್ನದಾಗಬೇಕಾದರೆ ನನ್ನ ಫಕಾರ ಅಪ್ಪಟ ಬಂಗಾರವಾಗಿರಬೇಡವೇ? ಹಾಲು ಕರೆಯುವಾಗ, ಬೇಲಿ ಕಟ್ಟುವಾಗ, ನಮಾಜಿಗೆ ಹೊರಟ ದಾರಿಯಲ್ಲಿ, ಎಲ್ಲೆಲ್ಲೂ "ಫ, ಫೆ, ಫೋ" ಎಂದು ಊದುತ್ತ ನಡೆದೆ. ನಾಯಿಗಳು ನನ್ನನ್ನು ಕಂಡರೆ ದಾರಿ ಬಿಡತೊಡಗಿದವು. ಎರಡು ವಾರದಲ್ಲಿ ನನ್ನ ಮೇಲಿನ ಹಲ್ಲಿಗೆ ಕೆಳತುಟಿಯ ಚಟವೇ ಹತ್ತಿಹೋಯಿತು. ಒಂದು ದಿನ ಅಂಗಡಿಯಲ್ಲಿ ಟೊಮೆಟೊ ಕೇಳಲು ಹೋಗಿ, ನಾವು ಪೊಮಿದೋರ್ ಎನ್ನುವುದನ್ನು "ಎರಡು ಕಿಲೋ ಫೊಮಿದೋರ್" ಎಂದುಬಿಟ್ಟೆ. ಅಂಗಡಿಯವಳು ಹೊಸ ಔಷಧಿಯಿರಬೇಕೆಂದು ಪಕ್ಕದ ಮೆಡಿಕಲ್ ಶಾಪ್ ತೋರಿಸಿದಳು.

"ರೀ, ನೀವೀಗ ಎಲ್ಲದಕ್ಕೂ ತುಟಿ ಕಚ್ತಾ ಇದೀರಿ. ಪ ಬರೋ ಕಡೇನೂ ಫ ಅಂತಿದೀರಿ" ಎಂದು ಬುರುಲ್ ಎಚ್ಚರಿಸಿದಳು.

"ಶಿಷ್ಯರು ಗುರುವನ್ನ ತಿದ್ದಬಾರದು ಕಣೇ!"

ಆಗಸ್ಟ್ ಎರಡನೇ ವಾರ ಅವರು ಬಂದರು. ರಜಾಲಿ ಎಂಬ ಎಪ್ಪತ್ತರ ಸಾತ್ವಿಕ ಮನುಷ್ಯ. ಅವರ ಹೆಂಡತಿ ಫೌಜಿಯಾ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಕಾರಿಳಿಯುತ್ತಿದ್ದಂತೆಯೇ ಅವರ ಕಣ್ಣು ನಮ್ಮ ಹೊಸ್ತಿಲಿನ ಮೂಲೆಗಳನ್ನು ಪರೀಕ್ಷಿಸಿತು. ಹೊಸ್ತಿಲು ಪಾಸಾಯಿತು. ಬುರುಲ್ ಆಜ್ಞೆಯಂತೆ ನಕ್ಕಳು. ನಾನು ಎದೆಯ ಮೇಲೆ ಕೈಯಿಟ್ಟು, ಬಾಗಿ, "ದಯವಿಟ್ಟು ಬನ್ನಿ" ಎನ್ನಲು ಇಂಗ್ಲಿಷಿನ ಮೊದಲ ಬಾಣ ಬಿಟ್ಟೆ:

"ಫ್ಲೀಸ್!"

ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ನನಗೆ ತಿಳಿದದ್ದು ಬಹಳ ತಡವಾಗಿ. ಪ್ಲೀಸ್ ಎಂದರೆ ದಯವಿಟ್ಟು. ಫ್ಲೀಸ್ ಎಂದರೆ ಚಿಗಟಗಳು!

ಮಹಡಿ ಹತ್ತಿಸಿದೆ. ಕೋಣೆಯ ಬಾಗಿಲು ತೆರೆದು, ಹಾಸಿಗೆಯತ್ತ ಕೈ ತೋರಿಸಿ, "ಫ್ಲೀಸ್" ಎಂದೆ. ಜಮಖಾನೆ ತೋರಿಸಿ, "ಫ್ಲೀಸ್" ಎಂದೆ. ರಜಾಲಿಯವರು ನಿಂತೇ ಇದ್ದರು. ಪಾಪ, ಸಂಕೋಚದ ಮನುಷ್ಯ! ಎಲ್ಲಿ ಬೇಕಾದರೂ ಕೂರಿ ಎಂಬರ್ಥದಲ್ಲಿ ಎರಡೂ ಕೈ ಚಾಚಿ, "ಫ್ಲೀಸ್! ಎವ್ರಿವೇರ್, ಫ್ಲೀಸ್!" ಎಂದೆ.

ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಜಾಲಿಯವರು ಮೆಲುದನಿಯಲ್ಲಿ, ತುಂಬಾ ಇವೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬರುವ ಅತಿಥಿಗಳ ಲೆಕ್ಕ ಕೇಳುತ್ತಿದ್ದಾರೆಂದು ನನಗೆ ಆನಂದವಾಯಿತು. ತಡೆದು ತಡೆದು, ಆದರೆ ಸ್ಪಷ್ಟವಾಗಿ ವರ್ಣಿಸಿದೆ:

"ಚಳಿಗಾಲದಲ್ಲಿ ಒಂದೂ ಇರಲ್ಲ. ಬೇಸಿಗೇಲಿ ಇಪ್ಪತ್ತು, ಮೂವತ್ತು. ಹೆಚ್ಚಿನವು ಜರ್ಮನಿಯವು."

"ಜರ್ಮನಿಯವಾ?" ಎಂದರು ಫೌಜಿಯಾ.

"ಹೌದು! ದೊಡ್ಡ ದೊಡ್ಡವು. ಚೆನ್ನಾಗಿ ತಿಂತಾವೆ, ನಿದ್ದೆ ಮಾಡ್ತಾವೆ. ಮುಂದಿನ ವರ್ಷ ತಮ್ಮವರನ್ನೆಲ್ಲ ಕರ್ಕೊಂಡು ಬರ್ತಾವೆ!"

ನನ್ನ ಇಂಗ್ಲಿಷಿನಲ್ಲಿ ಅವರು, ಅವು ಎಂಬ ಭೇದವಿಲ್ಲ.

ಊಟಕ್ಕೆ ಕೆಳಗಿಳಿದಾಗ ಒಂದು ವಿಶೇಷ ಕಂಡೆ. ರಜಾಲಿಯವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದರು. ಫೌಜಿಯಾ ಹಾಸಿನ ಮೇಲೆ ಕೂರದೆ ತಮ್ಮ ಚೀಲದ ಮೇಲೆ ಕೂತರು. ಓಹೋ, ಊಟಕ್ಕೆ ಕೂರುವಾಗ ಮಲೇಷ್ಯಾದವರ ಪದ್ಧತಿಯಿರಬೇಕು! ಅತಿಥಿ ಮರ್ಯಾದೆಯಲ್ಲಿ ನಾನು ಹಿಂದೆ ಬೀಳುವವನೇ? ಎಲ್ಲರೆದುರಿಗೇ ನನ್ನ ಪ್ಯಾಂಟನ್ನೂ ಕಾಲುಚೀಲದೊಳಗೆ ತುರುಕಿದೆ. ಅದನ್ನು ಕಂಡು ಫೌಜಿಯಾ ಚೀಲದ ಮೇಲೆ ಕಾಲು ಮಡಚಿಕೊಂಡರು.

"ಏನ್ರೀ ಅದು ವೇಷ?" ಬುರುಲ್ ಪಿಸುಗುಟ್ಟಿದಳು. "ಆಯಮ್ಮ ಯಾಕೆ ನನ್ನ ಹಾಸು ಮುಟ್ಟುತ್ತಿಲ್ಲ? ಏನಂದ್ರಿ ನೀವು ಮೇಲೆ?"

"ಮರ್ಯಾದೆಯ ಮಾತು ಬಿಟ್ಟು ಒಂದಕ್ಷರ ಆಡಿಲ್ಲ ಕಣೇ."

"ಮರ್ಯಾದೆಗೆ ಯಾರಾದ್ರೂ ಹಿಂಗೆ ಹೆದರ್ತಾರಾ?"

ಬೇಶ್‌ಬರ್ಮಾಕಿನ ದೊಡ್ಡ ಹರಿವಾಣ ಬಂತು. ಈರುಳ್ಳಿಯ ಘಮ, ಮೇಲೆ ಹಬೆ. ಅತಿಥಿಗಳು ಅಳುಕುತ್ತ ನೋಡುತ್ತಿದ್ದರು. ಈಗ ಫೋರ್ಕಿನ ಮುಹೂರ್ತ! ನಾನು ಹಲ್ಲನ್ನು ತುಟಿಯ ಮೇಲಿಟ್ಟು, ಗಾಳಿ ಎಳೆದುಕೊಂಡು, ಸಿದ್ಧನಾಗುವಷ್ಟರಲ್ಲಿ ಹಿಂದಿನಿಂದ ಘಂಟಾಘೋಷವಾಯಿತು.

"ಪೋರ್ಕ್! ಪೋರ್ಕ್!"

ಅಮ್ಮ! ಎರಡು ವಾರ ಮೂಲೆಯಲ್ಲಿ ಉಣ್ಣೆ ಹುರಿ ಮಾಡುತ್ತ ನನ್ನ ಪಾಠವನ್ನೆಲ್ಲ ಕುಡಿದುಬಿಟ್ಟಿದ್ದಳು. ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಬೆಳ್ಳಿಯ ಮುಳ್ಳುಚಮಚಗಳನ್ನು ತೆಗೆದು, ಉಜ್ಜಿ ತೊಳೆದು, ಮಡಿಲಲ್ಲಿ ಬಟ್ಟೆ ಮುಚ್ಚಿ ತರುತ್ತಿದ್ದಳು. ಒಲೆಯ ಪಕ್ಕದ ಪಟ್ಟಿಯಲ್ಲಿದ್ದ ಒಂದು ಮಾತನ್ನೂ ವ್ಯರ್ಥ ಮಾಡಲಿಲ್ಲ.

"ಪ್ರೆಶ್ ಪೋರ್ಕ್!" ಎಂದಳು, ಈಗಷ್ಟೇ ತೊಳೆದದ್ದು ಎಂಬರ್ಥದಲ್ಲಿ. ಎದೆ ತಟ್ಟಿಕೊಂಡು, "ಪ್ಯಾಮಿಲಿ ಪೋರ್ಕ್!" ಎಂದಳು.

ಫೌಜಿಯಾರ ಕೈ ಹರಿವಾಣದಿಂದ ಹಿಂದಕ್ಕೆ ಸರಿಯಿತು. ರಜಾಲಿಯವರು ಎದ್ದೇಬಿಟ್ಟರು. ಬುರುಲ್‌ಳ ಮುಖ ಗೋಡೆಯ ಸುಣ್ಣಕ್ಕಿಂತ ಬೆಳ್ಳಗಾಯಿತು. ಇಡೀ ವಂಶದ ಮಾನ ಈಗ ನನ್ನ ಕೆಳತುಟಿಯ ಮೇಲೆ ನಿಂತಿತ್ತು. ಹಾರಿ ನಡುವೆ ನಿಂತೆ. ಇದು ಹಂದಿಯಲ್ಲ, ಮುಳ್ಳುಚಮಚ ಎಂದಷ್ಟೇ ಹೇಳಬೇಕಿತ್ತು. ನನ್ನ ಬಾಯಿ, ನಾನೇ ತಿದ್ದಿ ತೀಡಿದ ಬಾಯಿ, ಗಾಬರಿಯಲ್ಲಿ ಎರಡನ್ನೂ ಅದಲು ಬದಲು ಮಾಡಿಬಿಟ್ಟಿತು!

"ನೋ ಫೋರ್ಕ್! ನೋ, ನೋ! ಪೋರ್ಕ್! ಓನ್ಲಿ ಪೋರ್ಕ್!"



ಅಮ್ಮ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. "ಸರಿಯೋ ಅತ್ಲಾಗೆ. ಊಟದ ಹೊತ್ತಲ್ಲಿ ಕುಣೀತಾನೆ." ಮಡಿಲ ಬಟ್ಟೆ ಸರಿಸಿ ಒಂದು ಮುಳ್ಳುಚಮಚ ತೆಗೆದು, ರಜಾಲಿಯವರ ಕೈಯಲ್ಲಿಟ್ಟು, ಮಗುವಿಗೆ ಹಿಡಿಸುವಂತೆ ಅವರ ಬೆರಳುಗಳನ್ನು ಮಡಚಿದಳು. "ಪೋರ್ಕ್" ಎಂದಳು ತಾಳ್ಮೆಯಿಂದ.

ರಜಾಲಿಯವರು ಅದನ್ನು ನೋಡಿದರು. ಅಮ್ಮನನ್ನು ನೋಡಿದರು. ಮೆಲ್ಲಗೆ ಅವರ ಮುಖವೆಲ್ಲ ಅರಳಿತು.

"ಓ... ಪೋರ್ಕ್!" ಎಂದರು. ಕೂತರು. ನಗತೊಡಗಿದರು. ಕಣ್ಣೊರೆಸಿಕೊಳ್ಳುತ್ತ ಹೇಳಿದರು, ಅವರ ತಾಯಿ ಮೀನುಗಾರರ ಹಳ್ಳಿಯವರಂತೆ; ಜೀವಮಾನದಲ್ಲಿ ಒಂದು ಸಲವೂ ಅವರ ಬಾಯಲ್ಲಿ ಫಕಾರ ಬರಲಿಲ್ಲವಂತೆ; ತಮ್ಮೂರಲ್ಲಿ ಕಾಫಿಗೆ ಈಗಲೂ ಕೋಪಿ ಎನ್ನುತ್ತಾರಂತೆ.

"ಏನಂತೆ?" ಎಂದಳು ಅಮ್ಮ.

"ಕಾಫಿಗೆ ಅವರೂರಲ್ಲಿ ಕೋಪಿ ಅಂತಾರಂತೆ."

"ಮತ್ತಿನ್ನೇನು ಅನ್ನಬೇಕು? ಒಳ್ಳೇ ಮನೆತನದ ಹುಡುಗ. ಕೋಪೆ ಬೇಕೇನಪ್ಪಾ?"

"ಕೋಪಿ!" ಎಂದರು ರಜಾಲಿ, ಕೈ ಜೋಡಿಸಿ. ಎಪ್ಪತ್ತರ ಹುಡುಗನೂ ಎಂಬತ್ತೊಂದರ ಅಮ್ಮನೂ ಅಷ್ಟರಿಂದಲೇ ನೆಂಟರಾದರು.

ಫೌಜಿಯಾ ಮಾತ್ರ ಚೀಲದ ಮೇಲಿಂದ ಇಳಿದಿರಲಿಲ್ಲ. ಚೀಲದ ಬಾಯಿ ತೆರೆದು ಕೀಟನಾಶಕದ ಡಬ್ಬಿಯೊಂದನ್ನು ಹೊರತೆಗೆದು ಹರಿವಾಣದ ಪಕ್ಕ ಇಟ್ಟರು. ಮಾಂಸದ ವಿಷಯ ಸರಿಹೋಯಿತು, ಆದರೆ ಆ ಜರ್ಮನಿಯ ಚಿಗಟಗಳು ಎಂದು ಬಿಡಿಸಿ ಬಿಡಿಸಿ ಕೇಳಿದರು.

ಚಿಗಟವೇ? ನನಗೆ ಮೊದಲು ಅರ್ಥವೇ ಆಗಲಿಲ್ಲ. ಡಬ್ಬಿಯ ಮೇಲಿನ ಚಿಗಟದ ಚಿತ್ರ ಕಂಡು ಅರ್ಥವಾದಾಗ ನೆಲ ಬಿರಿಯಬಾರದೇ ಎನಿಸಿತು. ತಲೆ ತಗ್ಗಿಸಿ ಬುರುಲ್‌ಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ನನ್ನನ್ನು ಕೊಂದೇಬಿಡುತ್ತಾಳೆಂದು ಕಣ್ಣು ಮುಚ್ಚಿದೆ. ಕೇಳಿಸಿದ್ದು ನಗು! ಏಪ್ರನ್ನು ಮುಖಕ್ಕೆ ಮುಚ್ಚಿಕೊಂಡು, ಗೋಡೆಗೊರಗಿ ಕುಸಿದು ಕೂತು ನಗುತ್ತಿದ್ದಳು. "ಹಾಸಿಗೆ ತೋರಿಸಿ ಚಿಗಟ ಅಂದ್ರಾ! ನೀವೇ ಪ್ಯಾಂಟು ಬೇರೆ ಕಟ್ಕೊಂಡ್ರಾ!"

ಆಮೇಲೆ ಎದ್ದು, ಮುಖ ಒರೆಸಿಕೊಂಡು, ಫೌಜಿಯಾರ ಕೈ ಹಿಡಿದು ಮಹಡಿಗೆ ಕರೆದೊಯ್ದಳು. ನಾನು ಹಿಂದೆ ಹೋದರೆ, "ನೀವು ಬರಬೇಡಿ" ಎಂದಳು. ನಾಲ್ಕೂ ಕೋಣೆಯ ಹಾಸಿಗೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಕೊಡವಿದ ಸದ್ದು ಕೆಳಗೆ ಕೇಳುತ್ತಿತ್ತು. ಇಬ್ಬರಿಗೂ ಒಂದು ಮಾತೂ ಒಂದಾಗದು. ಆದರೂ ಇಳಿದು ಬರುವಾಗ ಫೌಜಿಯಾ ಜಮಖಾನೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ತೋರಿಸಿ ಏನೋ ಕೇಳುತ್ತಿದ್ದರು, ಬುರುಲ್ ಕೈಸನ್ನೆಯಲ್ಲೇ ಹನ್ನೊಂದು ಚಳಿಗಾಲದ ಕಥೆ ಹೇಳುತ್ತಿದ್ದಳು.

ಮರುದಿನ ಅವರು ಝೂಮಗುಲ್‌ಳ ಮನೆಯನ್ನೂ ನೋಡಿ ಹೊರಟುಹೋದರು. ಏನನ್ನೂ ಹೇಳಲಿಲ್ಲ. ಮೂರು ವಾರ ಬುರುಲ್ ಸಂತೆಯಲ್ಲಿ ಈರುಳ್ಳಿಯ ಗಾಡಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ಕಾಗದ ಬಂತು. ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿನಲ್ಲೇ ಓದಹೊರಟೆ.

"ಓದಬೇಡಿ! ಅರ್ಥ ಹೇಳಿ ಸಾಕು" ಎಂದಳು ಬುರುಲ್.

ಅರ್ಥ ಇಷ್ಟು. ನಿಮ್ಮ ಮನೆಯನ್ನೇ ಆರಿಸಿದ್ದೇವೆ. ಇಷ್ಟು ಶುಚಿಯಾದ ಹಾಸಿಗೆಯನ್ನು ನಾವು ಬೇರೆಲ್ಲೂ ಕಂಡಿಲ್ಲ. ಅಜ್ಜಿಯವರ ಇಂಗ್ಲಿಷ್ ನಮ್ಮ ಹಿರಿಯ ಪ್ರವಾಸಿಗರಿಗೆ ಬಲು ಸುಲಭವಾಗಿ ಅರ್ಥವಾಗುತ್ತದೆ. ಸ್ವಾಗತದ ಮಾತನ್ನು ಅವರೇ ಆಡಲಿ. ಯಜಮಾನರಿಗೆ ಮಾತಿನ ಅಗತ್ಯವಿಲ್ಲದ ಯಾವುದಾದರೂ ಗೌರವದ ಕೆಲಸ ಕೊಟ್ಟರೆ ಸಂತೋಷ.

ಬುರುಲ್ ಕಾಗದವನ್ನು ಕಸಿದು ಎದೆಗೊತ್ತಿಕೊಂಡಳು. ಅದರಂತೆ ನನಗೊಂದು ಗೌರವದ ಕೆಲಸವನ್ನೂ ಹುಡುಕಿದಳು. ನಮ್ಮಲ್ಲಿ ಚಹಾ ಸುರಿಯುವುದು ಮನೆಯ ಸೊಸೆಯ ಕೆಲಸ. ನೀರು ಕುದಿಯುವ ಹಿತ್ತಾಳೆಯ ಸಮೋವಾರಿನ ಪಕ್ಕ ಕೂತು, ಬಟ್ಟಲಿಗೆ ಅರ್ಧರ್ಧವೇ ಸುರಿದು, ಎರಡೂ ಕೈಯಲ್ಲಿ ಕೊಡುತ್ತಲೇ ಇರಬೇಕು. ಇಪ್ಪತ್ತೆಂಟು ವರ್ಷ ಬುರುಲ್ ಅದನ್ನು ಮಾಡಿದ್ದಳು.

ಮರುವರ್ಷ ಜೂನಿನಲ್ಲಿ ಮೊದಲ ತಂಡ ಬಂತು. ಹದಿನಾಲ್ಕು ಜನ. ಅಮ್ಮ ನಡುಮನೆಯಲ್ಲಿ ಕೂತು, ಪ್ರತಿಯೊಬ್ಬರ ಕೈಗೂ ಮುಳ್ಳುಚಮಚ ಹಿಡಿಸುತ್ತ, "ಪ್ರೆಶ್! ಪ್ಯಾಮಿಲಿ!" ಎಂದು ರಾಣಿಯಂತೆ ಸ್ವಾಗತಿಸುತ್ತಿದ್ದಳು. ಐವತ್ತೈದು ವರ್ಷದ ಭೂಗೋಳದ ಮೇಷ್ಟ್ರು ಮೂಲೆಯಲ್ಲಿ ಚಹಾ ಸುರಿಯುತ್ತಿದ್ದರು.

ಅಮ್ಮ ನನ್ನತ್ತ ನೋಡಿ, ತುಂಬು ಅಭಿಮಾನದಿಂದ ಬುರುಲ್‌ಗೆ ಹೇಳಿದಳು: "ಎಂಥಾ ಸೊಸೆ ಸಿಕ್ಕಿದಾಳೆ ನೋಡೇ ಈ ಮನೆಗೆ! ಬೆಳಗಿಂದ ತುಟಿ ಪಿಟಕ್ ಅಂದಿಲ್ಲ."

ಬುರುಲ್ ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ನಾಜೂಕಾಗಿ ಇಟ್ಟಳು.

"ಪಿಟಕ್ ಅಲ್ಲ ಅಪಾ," ಎಂದಳು, "ಇವರದ್ದು ಫಿಟಕ್."

ಅಷ್ಟು ಶುದ್ಧವಾದ ಫಕಾರವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಶಭಾಷ್ ಎನ್ನೋಣವೆಂದುಕೊಂಡೆ. ಸುಮ್ಮನೆ ಅವಳ ಬಟ್ಟಲಿಗೂ ಚಹಾ ಸುರಿದೆ.